ದೋಸೆಯಂಥ ಜೀವಕೋಶ

ಜುಲೈ 1, ಸೋಮವಾರ

ಕಣಕಟ್ಟೆ ಬಸ್ಸಿನಲ್ಲಿ ಇವತ್ತೂ ನಿಂತೇ ಶಾಲೆಗೆ ಬಂದೆ. ಮೊದಲ ಪೀರಿಯಡ್ ಒಂಬತ್ತನೇ ಕ್ಲಾಸು. ಜೀವಕೋಶ ಶುರು. ನಾಲ್ಕು ಬಣ್ಣದ ಸೀಮೆಸುಣ್ಣ, ಇಪ್ಪತ್ತು ನಿಮಿಷ — ಬೋರ್ಡಿನ ತುಂಬ ಸಸ್ಯಕೋಶ. ಹದಿನಾರು ವರ್ಷದಿಂದ ಇದೇ ಚಿತ್ರ. ಇಷ್ಟು ಚೆಂದ ಯಾರೂ ಬರೆಯುವುದಿಲ್ಲ ಎಂದು ಒಮ್ಮೆ ಟ್ರೈನಿಂಗಿನಲ್ಲಿ ಹೇಳಿದ್ದರು. ಹೆಮ್ಮೆ ಇದೆ. ಇಲ್ಲಿ ಬರೆದುಕೊಂಡರೆ ತಪ್ಪೇನು.

ಮಕ್ಕಳು ಬರೆದುಕೊಳ್ಳುವಾಗ ಒಂದು ಸುತ್ತು ಹಾಕಿದೆ. ಮುಂದಿನ ಬೆಂಚಿನಲ್ಲಿ ದ್ರಾಕ್ಷಾಯಣಿ. ಈ ವರ್ಷ ಸೇರಿದವಳು. ಎರಡು ವರ್ಷದಿಂದ ದೃಷ್ಟಿ ಸ್ವಲ್ಪಸ್ವಲ್ಪವೇ ಹೋಗಿ, ಈಗ ಬೆಳಕು ಯಾವುದು ಕತ್ತಲೆ ಯಾವುದು ಎಂದು ಗೊತ್ತಾಗುತ್ತದೆ, ಅಷ್ಟೇ. ಕೈಕಟ್ಟಿ ಕೂತಿದ್ದಳು.

"ನಾನೇನ್ ಮಾಡ್ಲಿ ಮಿಸ್?"

ದೂರಿನ ದನಿಯಲ್ಲ. ಸುಮ್ಮನೆ ಕೇಳಿದ್ದು. "ಕೇಳಿಸ್ಕೊಳಮ್ಮ" ಎಂದೆ. ಬೋರ್ಡಿನ ಕಡೆ ತಿರುಗಿದ ಮೇಲೆ ಹೊಳೆಯಿತು. ಇಪ್ಪತ್ತು ನಿಮಿಷದಿಂದ ನಾನು ಒಂದು ಮಾತೂ ಆಡಿರಲಿಲ್ಲ.

ಜುಲೈ 2

ಹೆಡ್‌ಮಾಸ್ಟರ್ ಷಡಕ್ಷರಪ್ಪನವರು ಕರೆಸಿದರು. ದ್ರಾಕ್ಷಾಯಣಿಯಂಥ ಮಕ್ಕಳು ವಿಜ್ಞಾನದ ಬದಲು ಬೇರೆ ವಿಷಯ ತೆಗೆದುಕೊಳ್ಳಬಹುದು ಎಂದರು. "ಹತ್ತಕ್ಕೆ ಹೋದ್ಮೇಲೆ ಒದ್ದಾಡೋದು ಬೇಡ ಪ್ರತಿಮಾ ಮೇಡಂ. ಈಗ್ಲೇ ಬದಲಾಯಿಸಿಬಿಡೋಣ. ಆಗಸ್ಟ್ ಏಳಕ್ಕೆ ತಾಲ್ಲೂಕಿಗೆ ವಿಷಯ ಬದಲಾಯಿಸೋರ ಪಟ್ಟಿ ಹೋಗ್ಬೇಕು."

ಕೆಟ್ಟವರಲ್ಲ. ಇದು ಉಪಕಾರ ಎಂದೇ ಅವರ ಭಾವನೆ. ನಿನ್ನೆ ಬೆಳಿಗ್ಗೆಯವರೆಗೂ ನಾನೂ ಹೂಂ ಎನ್ನುತ್ತಿದ್ದೆನೇನೋ.

ಮಧ್ಯಾಹ್ನ ಹುಡುಗಿಯನ್ನು ಕೇಳಿದೆ. "ನಂಗೆ ಸೈನ್ಸೇ ಬೇಕು ಮಿಸ್." ಯಾಕಮ್ಮ? ತಲೆ ತಗ್ಗಿಸಿದಳು.

ಒಂದು ತಿಂಗಳು ಇದೆ.

ಜುಲೈ 5, ಶುಕ್ರವಾರ

ಎರಡು ಸಂಜೆ ಕೂತು ಮಾಡಿದೆ. ರಟ್ಟಿನ ಮೇಲೆ ಹುರಿ ಅಂಟಿಸಿ ಕೋಶಭಿತ್ತಿ. ಕೋಶಕೇಂದ್ರಕ್ಕೆ ಕೋಟಿನ ಗುಂಡಿ. ಮೈಟೊಕಾಂಡ್ರಿಯಕ್ಕೆ ಅವರೆಕಾಳು. ದ್ರಾಕ್ಷಾಯಣಿ ಬೆರಳಾಡಿಸಿ ಕಾಲು ಗಂಟೆಯಲ್ಲಿ ಎಲ್ಲ ಹೆಸರು ಕಲಿತಳು. ಒಂದೂ ತಪ್ಪಲಿಲ್ಲ. ಗೆದ್ದೆ ಅಂದುಕೊಂಡೆ.

"ಈಗ ನಿನ್ನ ಮಾತಲ್ಲಿ ಹೇಳು, ಜೀವಕೋಶ ಹೇಗಿದೆ?"

"ದೋಸೆ ತರ ಐತೆ ಮಿಸ್. ದೋಸೆ ಮೇಲೆ ಈರುಳ್ಳಿ ಉದುರ್ಸಿರ್ತಾರಲ್ಲ, ಹಂಗೆ."

ಕ್ಲಾಸೆಲ್ಲ ನಕ್ಕಿತು. ಸಿಟ್ಟು ಬಂತು. ನಗುವವರನ್ನೇ ಕೇಳಿದೆ — ಸರಿ, ದೋಸೆಯಲ್ಲ ಅಂದರೆ ಮತ್ತೆ ಹೇಗಿದೆ, ನೀವು ಹೇಳಿ. ನಗು ನಿಂತಿತು. ಫಸ್ಟ್ ಬರುವ ಶಶಿಕಿರಣ್ ಎದ್ದು ನಿಂತ. "ಬೋರ್ಡಲ್ಲಿ ನೀವು ಬರ್ದಿದ್ದು ಹಂಗೇ ಐತಲ್ಲ ಮಿಸ್?"

ಚಪ್ಪಟೆ ಅಂದುಕೊಂಡವರು ಕೈ ಎತ್ತಿ ಎಂದೆ. ನಲವತ್ತೊಂದು ಮಕ್ಕಳು. ಮೂವತ್ತಾರು ಕೈ.

ಹದಿನಾರು ವರ್ಷ... ಎಷ್ಟು ಮಕ್ಕಳು ಹೀಗೆ ದೋಸೆ ಕಲಿತು ಹೋದರೋ.

ಜುಲೈ 8

ಮೈಕ್ರೋಸ್ಕೋಪಿನ ಧೂಳು ಒರೆಸಿ ಈರುಳ್ಳಿ ಸಿಪ್ಪೆ ತೋರಿಸಿದೆ. ನೋಡಿದವರಿಗೆ ಅಲ್ಲೂ ಚಪ್ಪಟೆಯೇ. ಇಟ್ಟಿಗೆ ಗೋಡೆಯ ಹಾಗೆ ಗೆರೆ. ಒಬ್ಬಳಿಗೆ ಕಾಣುವುದಿಲ್ಲ, ನಲವತ್ತು ಜನಕ್ಕೆ ಕಂಡದ್ದೂ ತಪ್ಪು. ಇನ್ನು ಈ ಪಾಠ ಅವಳೊಬ್ಬಳ ವಿಷಯವಲ್ಲ.

ಜುಲೈ 12, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಆದರೂ.

ಈ ಸಲದ ಜೀವಕೋಶ, ಪ್ಲಾಸ್ಟಿಕ್ ಕವರಿನಲ್ಲಿ ಅಕ್ಕಿ ಗಂಜಿ. ಒಳಗೆ ನಿಂಬೆಹಣ್ಣು, ಕಾಳು, ನೀರು ತುಂಬಿದ ಬಲೂನು. ಒತ್ತಿದರೆ ಒಳಗಿನದೆಲ್ಲ ತೇಲುತ್ತ ಜರುಗುತ್ತದೆ. ಚೆನ್ನಾಗಿತ್ತು. ಎರಡನೇ ಬೆಂಚಿಗೆ ಹೋಗುವಾಗ ಷಡಕ್ಷರಪ್ಪನವರು ಒಳಗೆ ಬಂದರು. ಆಗಲೇ ಒಡೆಯಿತು. ಗಂಜಿ ಬೆಂಚಿನ ಮೇಲೆ, ಪುಸ್ತಕದ ಮೇಲೆ, ಅವರ ಬಿಳಿ ಪ್ಯಾಂಟಿನ ಮೇಲೆ. ನಿಂಬೆಹಣ್ಣು ಉರುಳಿ ಬಾಗಿಲು ದಾಟಿತು.

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಸಿಲಬಸ್ ಎಲ್ಲಿಗೆ ಬಂತು ಮೇಡಂ?" ಎಂದರು, ಕರ್ಚೀಫಿನಿಂದ ಒರೆಸಿಕೊಳ್ಳುತ್ತ.

ಎಲ್ಲರೂ ನೆಲ ಒರೆಸುವಾಗ ದ್ರಾಕ್ಷಾಯಣಿ ಕೇಳಿದಳು — "ಗೋಡೆ ಇದ್ದಿದ್ರೆ ಒಡೀತಿರ್ಲಿಲ್ಲ ಅಲ್ವಾ ಮಿಸ್? ಅದುಕ್ಕೇನಾ ಗಿಡದ ಕೋಶಕ್ಕೆ ಗೋಡೆ?"

ಹೌದು ಎಂದೆ. ಕೈಯಲ್ಲಿ ನೆಲ ಒರೆಸುವ ಬಟ್ಟೆ ಇತ್ತು.

ಜುಲೈ 22

ಹತ್ತು ದಿನ ಬರೆದಿಲ್ಲ. ಬೋರ್ಡಿಗೇ ವಾಪಸ್ ಹೋಗಿದ್ದೆ. ನೋಟ್ಸ್ ಹೇಳಿ ಬರೆಸಿದೆ. ಸಿಲಬಸ್ ಓಡಿತು. ದ್ರಾಕ್ಷಾಯಣಿ ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಅದನ್ನು ಸಹಿಸಲಾಗಲಿಲ್ಲ.

ಇವತ್ತು ಪಠ್ಯಪುಸ್ತಕವನ್ನು ಮೊದಲಿನಿಂದ ಓದಿದೆ, ಹೊಸಬಳ ಹಾಗೆ. ಒಂದು ಚಟುವಟಿಕೆ ಇದೆ. ಹಸಿ ಮೊಟ್ಟೆಯ ಚಿಪ್ಪನ್ನು ಆಮ್ಲದಲ್ಲಿ ಕರಗಿಸುವುದು. ಉಳಿಯುವುದು ಪೊರೆ ಮಾತ್ರ. ಆಮೇಲೆ ಒಂದನ್ನು ನೀರಿನಲ್ಲಿ, ಒಂದನ್ನು ಉಪ್ಪುನೀರಿನಲ್ಲಿ ಇಟ್ಟು ನೋಡುವುದು. ಪ್ರತಿ ವರ್ಷ "ಮನೇಲಿ ಓದ್ಕೊಳ್ಳಿ" ಎಂದು ದಾಟಿಸಿದ್ದೇನೆ. ಕಾರಣ ಬೇರೇನಿಲ್ಲ. ನಮ್ಮದು ಮಠದ ಮನೆತನ, ಕೊರಳಲ್ಲಿ ಲಿಂಗ. ನಲವತ್ತನಾಲ್ಕು ವರ್ಷದಲ್ಲಿ ಮೊಟ್ಟೆ ಮುಟ್ಟಿದವಳಲ್ಲ. ಶಾಲೆಯಲ್ಲಿ ಹಂಚುವಾಗಲೂ ಬಾಳೆಹಣ್ಣಿನ ಬುಟ್ಟಿಯ ಹತ್ತಿರವೇ ನಿಲ್ಲುವವಳು.

ಪೊರೆ ಬೆರಳಿಗೆ ಸಿಗುತ್ತದೆ. ಉಬ್ಬುವುದು, ಕುಗ್ಗುವುದು, ಎಲ್ಲ ಬೆರಳಿಗೆ ಸಿಗುತ್ತದೆ.

ಮಾಡುತ್ತೇನೆ.

ಜುಲೈ 23, ಮಂಗಳವಾರ

ಅರಸೀಕೆರೆಯಲ್ಲಿ ಬಸ್ಸಿಳಿದು ಸ್ಟೇಷನ್ ರೋಡಿನ ಅಂಗಡಿಯಲ್ಲಿ ಆರು ಮೊಟ್ಟೆ, ಒಂದು ಬಾಟಲ್ ವಿನೆಗರ್. ಯಾರಾದರೂ ನೋಡುತ್ತಾರೋ ಎಂದು ಸೆರಗಿನಲ್ಲಿ ಮುಚ್ಚಿಕೊಂಡೆ. ಕಳ್ಳತನ ಮಾಡಿದವಳ ಹಾಗೆ.

ಅತ್ತೆ ಕಾಂತಮ್ಮನವರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅಡುಗೆಮನೆಯ ಬಾಗಿಲು ಎಳೆದುಕೊಂಡರು. ಆಮೇಲೆ — "ಒಳಕ್ ತರ್ಬೇಡ ಕಣೇ. ಹಿತ್ಲಲ್ಲಿ ಇಟ್ಕೋ. ಪಾತ್ರೆ ಮನೇದು ಮುಟ್ಬೇಡ."

ಹಾರ್ಲಿಕ್ಸ್ ಬಾಟಲಿಗಳಲ್ಲಿ ಹಾಕಿ ತೆಂಗಿನ ಬುಡದಲ್ಲಿ ಇಟ್ಟೆ. ಬರಿಗೈಯಲ್ಲಿ ಮುಟ್ಟಲಿಲ್ಲ, ಸೆರಗಿನ ತುದಿಯಲ್ಲಿ ಹಿಡಿದು ಹಾಕಿದೆ. ಸುಳ್ಳು ಯಾಕೆ ಬರೆಯಲಿ.

ಜುಲೈ 24

ಬೆಳಿಗ್ಗೆ ಆರಕ್ಕೆ ಹಿತ್ತಲಿಗೆ ಹೋದರೆ ಅತ್ತೆ ಆಗಲೇ ಅಲ್ಲಿ. ಸೊಂಟದ ಮೇಲೆ ಕೈಯಿಟ್ಟು ಬಾಟಲಿಯನ್ನೇ ನೋಡುತ್ತಿದ್ದಾರೆ. "ಗುಳ್ಳೆ ಏಳ್ತಾವೆ ಕಣೇ. ಸುಣ್ಣ ಬೇಯೋ ತರ. ಇನ್ನೆಷ್ಟು ದಿನ?"

ಜುಲೈ 26, ಶುಕ್ರವಾರ

ಚಿಪ್ಪು ಕರಗುವಾಗ ಆರರಲ್ಲಿ ಒಂದು ಒಡೆಯಿತು. ಐದು ಉಳಿದವು. ನಿನ್ನೆ ಎಲ್ಲರಿಗೂ ಕಣ್ಣು ಮುಚ್ಚಿಸಿ, ಅಂಗೈಯಲ್ಲಿ ಇಟ್ಟು, ಕೈಯಿಂದ ಕೈಗೆ ದಾಟಿಸಿದೆ. ಮುಟ್ಟಲೊಲ್ಲದವರಿಗೆ ಬಲವಂತ ಇಲ್ಲ, ನೀರಲ್ಲಿ ನೆನೆದ ಒಣದ್ರಾಕ್ಷಿ ಇತ್ತು. ಮೊಟ್ಟೆಯದು ಜೀವಕೋಶದ ಪೊರೆಯಲ್ಲ, ಆದರೆ ಅದರ ಹಾಗೇ ನಡೆದುಕೊಳ್ಳುತ್ತದೆ ಎಂದು ಎರಡು ಸಲ ಹೇಳಿದೆ. ತಪ್ಪು ಕಲಿಸಿದ್ದು ಸಾಕು. ಸಂಜೆ ಎರಡನ್ನು ಬರೀ ನೀರಿಗೆ, ಎರಡನ್ನು ಗಟ್ಟಿ ಉಪ್ಪುನೀರಿಗೆ ಹಾಕಿದೆ. ಒಂದು ಹಾಗೇ.

ಇವತ್ತು ಯಾವುದು ಯಾವುದು ಎಂದು ಹೇಳದೆ ಮೂರನ್ನು ದ್ರಾಕ್ಷಾಯಣಿಯ ಮುಂದೆ ಇಟ್ಟೆ. ಮೆಲ್ಲಗೆ ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಇದು ನೀರ್ ಕುಡ್ದೈತೆ. ಬಿಗಿಯಾಗೈತೆ. ಇದು... ಸೊರಗೈತೆ, ಒಳಗಿನ ನೀರು ಆಚೆ ಹೋಗೈತೆ. ಪೊರೇಲಿ ತೂತು ಐತಾ ಮಿಸ್?"

"ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ತೂತು."

"ಯಾರ್ ಕಣ್ಗೂ?"

"ಯಾರ ಕಣ್ಣಿಗೂ."

ನಕ್ಕಳು. ಈ ಶಾಲೆಗೆ ಬಂದ ಮೇಲೆ ಮೊದಲ ಸಲ ಇರಬೇಕು. ಶಶಿಕಿರಣ್ ತಾನೂ ಕಣ್ಣು ಮುಚ್ಚಿ ಮೂರನ್ನೂ ಹಿಡಿದು ನೋಡಿದ. ಒಂದು ಸರಿ ಹೇಳಿದ, ಎರಡು ತಪ್ಪು.

ಜುಲೈ 28, ಭಾನುವಾರ

ದ್ರಾಕ್ಷಾಯಣಿಯ ಊರಿಗೆ ಹೋಗಿದ್ದೆ. ವಿಷಯ ಬದಲಿಸುವ ಒಪ್ಪಿಗೆ ಪತ್ರ ಅವಳ ಅಪ್ಪನ ಹತ್ತಿರ ಇತ್ತು. ಸಹಿಯಾಗಿದ್ದರೆ ಮುಗಿಯಿತು.

ಅಪ್ಪ ಉಗ್ರಪ್ಪ ಕಾಯಿ ಸುಲಿಯುತ್ತಿದ್ದರು. ತೋಟಗಳಲ್ಲಿ ಅದೇ ಕೆಲಸ. ಕಾಯಿ ಹಿಡಿದೇ ಎದ್ದು ನಿಂತರು. "ಪಾಸಾದ್ರೆ ಸಾಕು ಮೇಡಂ. ಕಾಣ್ದೇ ಇರೋಳು ಸೈನ್ಸ್ ಓದಿ ಏನ್ ಮಾಡ್ತಾಳೆ? ಫೇಲ್ ಆದ್ರೆ ಮನೇಲಿ ಕೂತ್ಕತಾಳೆ. ಅದು ನಂಗೆ ಬ್ಯಾಡ." ಮಾತು ಒರಟು. ಭಯ ಅದು.

ಫೇಲಾಗುವುದಿಲ್ಲ ಎಂದು ಹೇಗೆ ಬರೆದುಕೊಡಲಿ. ಆಗ ಬಾಗಿಲ ಹತ್ತಿರ ನಿಂತಿದ್ದ ದ್ರಾಕ್ಷಾಯಣಿ ಮಾತಾಡಿದಳು.

"ಡಾಕ್ಟ್ರು ಹೇಳಿದ್ದು ನಿಂಗೆ ಗ್ಯಾಪ್ಕ ಐತೇನಪ್ಪಾ? ಕಣ್ಣಿನ ಪರದೇಲಿ ಜೀವಕೋಶ ಸಾಯ್ತಾ ಅವೆ ಅಂದ್ರು. ನೀನೂ ಹೂಂ ಅಂದೆ, ನಾನೂ ಹೂಂ ಅಂದೆ. ಜೀವಕೋಶ ಅಂದ್ರೆ ಏನು ಅಂತ ನಿಂಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ನನ್ ಕಣ್ಣಲ್ಲಿ ಏನಾಗ್ತೈತೆ ಅಂತ ನಂಗೆ ತಿಳೀಬೇಕು."

ಉಗ್ರಪ್ಪ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು.

ಅವಳು ನನ್ನ ಕಡೆ ತಿರುಗಿದಳು. "ಸತ್ತಿದ್ದು ಮತ್ತೆ ಬೆಳೀತಾವಾ ಮಿಸ್?"

ಇದನ್ನು ಕೇಳಲಿಕ್ಕೇ ಒಂದು ತಿಂಗಳು ಕಾದಿದ್ದಳು. ಸಮಾಧಾನದ ಸುಳ್ಳು ನಾಲಿಗೆ ತುದಿಗೆ ಬಂದಿತ್ತು. "ಚರ್ಮದ್ದು ಬೆಳೆಯುತ್ತೆ. ಕಣ್ಣಿನ ಪರದೆಯದು ತಾನಾಗಿ ಬೆಳೆಯಲ್ಲಮ್ಮ. ಇವತ್ತಿಗೆ ಬೆಳೆಯಲ್ಲ. ಹೇಗೆ ಬೆಳೆಸೋದು ಅಂತ ಹುಡುಕ್ತಾ ಇದಾರೆ."

"ಯಾರು?"

"ಸೈನ್ಸ್ ಓದಿದವರು."

ಅಳಲಿಲ್ಲ. "ಸರಿ" ಎಂದಳು. ಉಗ್ರಪ್ಪ ಒಳಗೆ ಹೋದರು. ತುಂಬ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದರು. ಒಪ್ಪಿಗೆ ಪತ್ರವನ್ನು ನನ್ನ ಕೈಗೆ ಕೊಟ್ಟರು. ಸಹಿಯ ಜಾಗ ಖಾಲಿ. "ನೀವೇ ವಾಪಸ್ ಕೊಟ್ಬಿಡಿ ಮೇಡಂ. ಓದ್ಲಿ."

ಆಗಸ್ಟ್ 6, ಮಂಗಳವಾರ

ನಾಳೆ ಪಟ್ಟಿ ಹೋಗಬೇಕು. ಷಡಕ್ಷರಪ್ಪನವರು ಕಿರುಪರೀಕ್ಷೆಯ ಪತ್ರಿಕೆ ನೋಡುತ್ತ ಕೂತಿದ್ದರು. ದ್ರಾಕ್ಷಾಯಣಿ ಬಾಯಲ್ಲಿ ಹೇಳಿ, ಎಂಟನೇ ಕ್ಲಾಸಿನ ಹುಡುಗಿ ಬರೆದದ್ದು. ಇಪ್ಪತ್ತಕ್ಕೆ ಹದಿಮೂರು. ಚಿತ್ರದ ಪ್ರಶ್ನೆ ಖಾಲಿ, ಸೊನ್ನೆ.

"ಹೀಗೇ ಪ್ರತಿ ಸಲ ಚಿತ್ರದ ಅಂಕ ಹೋಗುತ್ತಲ್ಲ ಮೇಡಂ?"

"ಅವಳಿಗೆ ಗೊತ್ತಿಲ್ಲ ಅಂತ ಹೋಗಿದ್ದಲ್ಲ ಸಾರ್. ಕರೆಸಿ ನೋಡಿ."

ಅರ್ಧ ತೆಂಗಿನ ಚಿಪ್ಪು, ಕೆರೆ ಜೇಡಿಮಣ್ಣು ಕೊಟ್ಟೆ. ಅವರ ಮೇಜಿನ ಮೇಲೇ ಮಾಡಿದಳು. ಚಿಪ್ಪು ಗೋಡೆ. ಒಳಗೆ ಒತ್ತಿ ತೆಳ್ಳಗೆ ಪೊರೆ. ಕೋಶದ ರಸ ತುಂಬಿದ ದೊಡ್ಡ ರಸದಾನಿ ಮಧ್ಯೆ, ಕೋಶಕೇಂದ್ರ ಒಂದು ಪಕ್ಕಕ್ಕೆ. ಅವರು ಪೆನ್ನಿನ ತುದಿಯಿಂದ ತೋರಿಸಿ ಇದೇನು ಎಂದರು. ಆಮೇಲೆ ತಾವೇ ತಡೆದು, ಪೆನ್ನು ಇಟ್ಟು, ಅವಳ ಬೆರಳು ಹಿಡಿದು ಮಣ್ಣಿನ ಮೇಲೆ ಇಟ್ಟರು. "ಇದೇನಮ್ಮ?"

"ರಸದಾನಿ ಸಾರ್. ಇದು ದೊಡ್ಡದಿರೋದ್ರಿಂದ ಕೋಶಕೇಂದ್ರ ಮೂಲೆಗೆ ಹೋಗೈತೆ."

ಷಡಕ್ಷರಪ್ಪನವರು ನನ್ನ ಮುಖ ನೋಡಿದರು. "ಇದು ನಂಗೆ ಗೊತ್ತಿರ್ಲಿಲ್ಲ ಕಣ್ರೀ" ಎಂದರು. ಗಣಿತದವರು. ಪಟ್ಟಿ ತೆಗೆದು ಅವಳ ಹೆಸರಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರು. ಚಿತ್ರದ ಬದಲು ಮಾದರಿ ಮಾಡಲು, ಇಲ್ಲವೇ ಬಾಯಲ್ಲಿ ಹೇಳಲು ಬಿಡಬೇಕು ಎಂದು ಮೇಲಿನವರಿಗೆ ಪತ್ರವನ್ನೂ ಬರೆಯುತ್ತಾರಂತೆ. ಒಪ್ಪುತ್ತಾರೋ ಇಲ್ಲವೋ. ಒಪ್ಪದಿದ್ದರೆ ಮತ್ತೆ ಬರೆಯುವುದು.

ಆಗಸ್ಟ್ 29, ಗುರುವಾರ, ಮಧ್ಯಾಹ್ನ 1:20

ಪತ್ರಕ್ಕೆ ಉತ್ತರ ಬಂದಿಲ್ಲ. ನೆನಪೋಲೆ ಹೋಗಿದೆ.

ಹೊಸ ಪಾಠ, ಅಂಗಾಂಶ. ಕೋಶ ಕೋಶ ಸೇರಿ ಒತ್ತಾಗಿ ಇರುವುದು ಹೇಗೆ, ಕೈಗೆ ಹೇಗೆ ತೋರಿಸುವುದು... ಮೂರು ದಿನದಿಂದ ಯೋಚನೆ. ಬೆಂಕಿಪೊಟ್ಟಣ ಜೋಡಿಸಿದೆ, ಮಧ್ಯೆ ಸಂದು ಬಿಡುತ್ತವೆ. ಬೆಳಿಗ್ಗೆ ಕ್ಲಾಸಿನಲ್ಲಿ ಒಪ್ಪಿಕೊಂಡೆ, ನನಗೂ ಹೊಳೆದಿಲ್ಲ, ನಿಮಗೆ ಹೊಳೆದರೆ ಹೇಳಿ ಎಂದು.

ಸ್ಟಾಫ್ ರೂಮಿನ ಬಾಗಿಲಲ್ಲಿ ದ್ರಾಕ್ಷಾಯಣಿ. ಹಿಂದೆ ಅರ್ಧ ಕ್ಲಾಸು. ಊಟದ ಹೊತ್ತಿನಲ್ಲಿ ಯಾರದೋ ಹೊಲಕ್ಕೆ ಹೋಗಿ ಬಂದಿದ್ದಾರೆ, ಕಾಲೆಲ್ಲ ಕೆಸರು. ಬೆನ್ನ ಹಿಂದೆ ಏನೋ ಬಚ್ಚಿಟ್ಟುಕೊಂಡಿದ್ದಾಳೆ. "ಬರಿಯೋದು ನಿಲ್ಸಿ ಮಿಸ್. ಕಣ್ ಮುಚ್ಕೊಂಡು ಕೈ ಕೊಡಿ" ಎನ್ನುತ್ತಿದ್ದಾಳೆ. ಎಡಗೈ ಕೊಟ್ಟಿದ್ದೇನೆ, ಬಲಗೈಯಲ್ಲಿ ಇದನ್ನು ಗೀಚುತ್ತ. ತಣ್ಣಗಿದೆ. ಉದ್ದಕ್ಕಿದೆ. ಹಸಿ ಮುಸುಕಿನಜೋಳದ ವಾಸನೆ. ಕಾಳಿನ ಬೆನ್ನಿಗೆ ಕಾಳು, ಎಲ್ಲೂ ಸಂದಿಲ್ಲ, ಒಂದನ್ನೊಂದು ಒತ್ತಿ ಒತ್ತಿ ಗುಂಡಗಿದ್ದದ್ದೇ ಚೌಕವಾಗಿ —

"ಕಣ್ ಮುಚ್ಚಿ ಅಂದೆ ಮಿಸ್. ಪೆನ್ನಿನ ಸದ್ದು ಕೇಳ್ತೈತೆ."

ಕಣ್ಣು ಮುಚ್ಚಿ —