ಕಿಟಕಿ ಬೆಂಚಿನ ಇಂಗ್ಲಿಷ್

ಹೊಸನಗರ ಬಸ್ ಸ್ಟ್ಯಾಂಡ್,
ಬುಧವಾರ, ೯-೮-೧೯೬೭

ಪ್ರೀತಿಯ ತಂಗಿ ಯಮುನಾಗೆ ಅಣ್ಣಯ್ಯನ ಆಶೀರ್ವಾದ. ಇಲ್ಲಿ ನಾನು ಆರೋಗ್ಯವಾಗಿದ್ದೇನೆ. ಕ್ಷೇಮವಾಗಿದ್ದೇನೆ ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಎರಡೂ ಒಂದೇ ಅಲ್ಲ ಎಂದು ಈಚೆಗೆ ತಿಳಿದಿದೆ.

ಮೊದಲು ಖರ್ಚು ಹೇಳಿಬಿಡುತ್ತೇನೆ. ಇಂಗ್ಲಿಷ್ ಮಾತಾಡಲು ಕಲಿತದ್ದಕ್ಕೆ ನನಗೆ ಬಿದ್ದದ್ದು ಇಷ್ಟು: ಹತ್ತು ತಿಂಗಳ ಬುಧವಾರಗಳು. ಬಾಯಿ ತಪ್ಪಿ ಕನ್ನಡ ಆಡಿದಾಗೆಲ್ಲ ದಂಡವಾಗಿ ಕುಡಿಸಿದ ಕಾಫಿ, ಅದರ ಲೆಕ್ಕ ನಾನಿಟ್ಟಿಲ್ಲ, ಹೋಟೆಲಿನವರು ಇಟ್ಟಿದ್ದಾರೆ. ಕಲಿಸಿದ ಗಣೇಶಮೂರ್ತಿಯವರಿಂದ ಕೇಳಿ ತಂದು ಹಾಕಿಕೊಂಡ ಕೋಟಿನ ಒಂದು ಗುಂಡಿ. ನಿನ್ನ ಎರಡನೇ ವರ್ಷದ ಬಿ.ಎ. ಆಮೇಲೆ ನೀನು. ಕೊನೆಯ ಎರಡನ್ನು ಇನ್ನೂ ಖರ್ಚಿಗೆ ಬರೆದಿಲ್ಲ. ಅದಕ್ಕೇ ಈ ಪತ್ರ.

ಸಾಗರದಲ್ಲಿ ನಿಮ್ಮ ಕಾಲೇಜಿನ ಸಭೆ ಮುಗಿದ ಸಂಜೆಯೇ ನೀನು ನನಗೊಂದು ಮಾತೂ ಹೇಳದೆ, ನಮ್ಮ ಕಂಪನಿಯ ಬಸ್ಸಿನಲ್ಲೇ ಕೂತು ಮೇಳಿಗೆಯ ಶೇಷತ್ತೆ ಮನೆಗೆ ಹೋದೆ. ಟಿಕೆಟ್ಟಿಗೆ ದುಡ್ಡೂ ಕೊಟ್ಟೆಯಂತೆ. "ಏಜೆಂಟ್ರ ತಂಗಿ ಹತ್ರ ದುಡ್ಡು ಇಸ್ಕಂಡೆ, ಬೈಬ್ಯಾಡ್ರಿ" ಎಂದು ಕಂಡಕ್ಟರ್ ಮಾಸ್ತಪ್ಪ ಮಾರನೇ ದಿನ ನನ್ನ ಮುಂದೆ ನಿಂತಿದ್ದ. ನಾನು ಬೈಯಲಿಲ್ಲ. ನೀನು ಸ್ಟ್ರೈಕಿನ ರಜೆಯೆಂದು ಅತ್ತೆ ಮನೆಗೆ ಹೋಗಿದ್ದೀಯ ಎಂದು ಅಮ್ಮ ತಿಳಿದಿದ್ದಾಳೆ. ಅಪ್ಪಯ್ಯನಿಗೆ ಮಾತ್ರ ಶುಲ್ಕ ಏರಿದ ಸುದ್ದಿ ಮುಟ್ಟಿದೆ. ಗೇಣಿ ಅಳೆದು ಉಳಿದದ್ದರಲ್ಲಿ ಅರ್ಧ ಅವರು, ನನ್ನ ಸಂಬಳದಲ್ಲಿ ಅರ್ಧ ನಾನು ಹಾಕಿ ಹೋದ ವರ್ಷ ಕಟ್ಟಿದ್ದು ನಿನಗೆ ಗೊತ್ತೇ ಇದೆ. ಈಗ ಅವರು ಹೇಳುವುದು ಒಂದೇ: "ಸಾಕಾತು ಮಾರಾಯ, ಹೆಣ್ ಹುಡುಗಿ ಒಂದು ವರ್ಷ ಓದಿದ್ದೇ ಹೆಚ್ಚು. ಶೇಷಿ ಮೇಳಿಗೇಲಿ ಒಂದು ಹುಡುಗನ್ನ ನೋಡಿದಾಳಂತೆ. ಹೆಂಗೂ ಅಲ್ಲೇ ಇದಾಳಲ, ಇರ್ಲಿ." ಶ್ರಾವಣ ಮುಗಿಯುವುದರೊಳಗೆ ಹುಡುಗನ ಕಡೆಯವರಿಗೆ ಮಾತು ಕೊಡಬೇಕು ಎಂದು ಶೇಷತ್ತೆಯ ಕಾಗದವೂ ಬಂದಿದೆ. ನನ್ನಿಂದ ಓಡಿಹೋದವಳು ಎಲ್ಲಿಗೆ ಹೋಗಿ ಸಿಕ್ಕಿಬಿದ್ದಿದ್ದೀಯ ಎಂದು ನಿನಗೂ ಇಷ್ಟರಲ್ಲಿ ತಿಳಿದಿರಬೇಕು.

ಅವತ್ತು ಸಭೆಯಲ್ಲಿ ನಾನು ಆಡಿದ್ದರ ಒಂದೊಂದು ಶಬ್ದವೂ ಅರ್ಥವಾದದ್ದು, ಕುರ್ಚಿಗಳಲ್ಲಿ ಕೂತ ದೊಡ್ಡವರನ್ನು ಬಿಟ್ಟರೆ, ನಿನಗೊಬ್ಬಳಿಗೆ. ಅದು ಹೇಗೆ ನನ್ನ ಬಾಯಿಂದ ಬಂತು ಎಂದು ಮಾತ್ರ ನಿನಗೆ ಗೊತ್ತಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. "ಸಾಗರ, ಸಾಗರ, ಸಾಗರ" ಎಂದು ಕೂಗಿ ಬಸ್ಸು ತುಂಬಿಸಿಯೇ ಏಜೆಂಟನಾದವನು. ಸಾಗರಕ್ಕೆ ಹೊರಟವರನ್ನು ಮಾತಿನಲ್ಲೇ ತೀರ್ಥಹಳ್ಳಿ ಬಸ್ಸು ಹತ್ತಿಸುತ್ತೇನೆ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ, ಒಂದೆರಡು ಸಲ ಹತ್ತಿಸಿದ್ದೂ ಉಂಟು. ನಮ್ಮ ಮಾಲೀಕರಿಗೆ ಶಿವಮೊಗ್ಗದ ಆಫೀಸಿನಲ್ಲಿ ಕೂರಿಸಲು ಇಂಗ್ಲಿಷ್ ಬಲ್ಲ ಮನುಷ್ಯ ಬೇಕು ಎಂದು ಕೇಳಿದಾಗ, ಬಾಯಿ ಹೇಗೂ ಇದೆ, ಭಾಷೆಯೊಂದನ್ನು ಹಾಕಿಸಿಕೊಂಡರೆ ಆಯಿತು ಎಂದುಕೊಂಡೆ.

ನಿವೃತ್ತ ಪೋಸ್ಟ್ ಮಾಸ್ಟರ್ ಗಣೇಶಮೂರ್ತಿಯವರು ಬುಧವಾರ ಸಂಜೆ ಹೋಟೆಲಿನ ಮೇಲಿನ ಕೋಣೆಯಲ್ಲಿ ಇಂಗ್ಲಿಷ್ ಮಾತು ಕಲಿಸುತ್ತಾರೆ. ಅವರ ಪದ್ಧತಿ ಚರ್ಚೆ. ವಿಷಯ ಹತ್ತು ತಿಂಗಳಿಂದ ಒಂದೇ: ವಿಶ್ವವಿದ್ಯಾನಿಲಯದ ಶುಲ್ಕ ಏರಿಸಬೇಕೋ ಬೇಡವೋ, ವಿದ್ಯಾರ್ಥಿಗಳು ಅದಕ್ಕೆ ಮುಷ್ಕರ ಹೂಡುವುದು ಸರಿಯೋ ತಪ್ಪೋ. "ವಿಷಯ ಬದಲಾದ್ರೆ ಶಬ್ದ ಬದಲಾಗ್ತದೆ, ನಾಲಿಗೆ ತಿರುಗೋ ತನಕ ಇದೇ ಇರಲಿ" ಎಂದರು. ಪೇಪರಿನಲ್ಲಿ ದಿನಕ್ಕೊಂದು ಊರಿನ ಸ್ಟ್ರೈಕು ಬರುತ್ತಿದ್ದುದರಿಂದ ಸರಕಿಗೆ ಕೊರತೆಯಿರಲಿಲ್ಲ.

ಯಾವ ಪಕ್ಷ ಎಂದು ಯಾರೂ ಆರಿಸಿಕೊಂಡದ್ದಲ್ಲ. ಕೋಣೆಯಲ್ಲಿ ಎರಡು ಬೆಂಚು. ಕಿಟಕಿ ಬೆಂಚಿನವರು ಶುಲ್ಕ ಏರಿಸಬೇಕು ಎನ್ನಬೇಕು, ಗೋಡೆ ಬೆಂಚಿನವರು ಕೂಡದು ಎನ್ನಬೇಕು. ನಾನು ಕಿಟಕಿಯ ಹತ್ತಿರ ಕೂತೆ, ಯಾಕೆಂದರೆ ಸಾಗರದ ಬಸ್ಸು ತಿರುವಿನಲ್ಲಿ ಬರುವುದು ಅಲ್ಲಿಂದ ಕಾಣುತ್ತದೆ. ಅಷ್ಟೇ ಯಮುನಾ. ನನ್ನ ಸಿದ್ಧಾಂತಕ್ಕೆ ಇನ್ನೊಂದು ಕಾರಣ ಹುಡುಕಬೇಡ. ಎದುರಿನ ಬೆಂಚಿನಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತ ಚಂದ್ರಯ್ಯ. ಅವನಿಗೆ ಮಕ್ಕಳಿಲ್ಲ, ಯಾರ ಫೀಸನ್ನೂ ಕಟ್ಟಿದವನಲ್ಲ, ಆದರೆ ಬಡ ವಿದ್ಯಾರ್ಥಿಗಳ ಹೆಸರೆತ್ತಿದರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ. ತಂಗಿಯ ಫೀಸು ಕಟ್ಟುವ ನಾನು ಎದ್ದು ನಿಂತು, ಸುಲಭಕ್ಕೆ ಸಿಕ್ಕಿದ ವಿದ್ಯೆಗೆ ಬೆಲೆಯಿಲ್ಲ, ಬೀದಿಯಲ್ಲಿ ಕೂಗಲು ಶಕ್ತಿಯಿರುವ ಹುಡುಗರಿಗೆ ಕಟ್ಟಲೂ ಶಕ್ತಿಯಿರುತ್ತದೆ ಎಂದು ಅವನ ಬಾಯಿ ಒಣಗಿಸುತ್ತಿದ್ದೆ. ಒಂದು ಸಲ ಬೆಂಚು ಬದಲಿಸುತ್ತೇನೆ ಎಂದೆ. ಈಗ ತಾನೇ ಓಟ ಬಂದಿದೆ, ಕೆಡಿಸಿಕೊಳ್ಳಬೇಡ ಎಂದರು ಗಣೇಶಮೂರ್ತಿಯವರು, ಅದೂ ಇಂಗ್ಲಿಷಿನಲ್ಲಿ. ನನಗೂ ಬಿಡುವ ಮನಸ್ಸಿರಲಿಲ್ಲ. ಗೆಲ್ಲುತ್ತಿದ್ದೆ.

ಅಷ್ಟರಲ್ಲಿ ನಿಮ್ಮ ಕಾಲೇಜಿನಲ್ಲೇ ಸ್ಟ್ರೈಕು ಶುರುವಾಯಿತು. ಪೋಷಕರ ಅಭಿಪ್ರಾಯ ಕೇಳಲು ವಿಶ್ವವಿದ್ಯಾನಿಲಯದ ಅಧಿಕಾರಿಯೊಬ್ಬರು ಬರುತ್ತಾರೆಂದು ಸುದ್ದಿಯಾಯಿತು. ತೀರ್ಥಹಳ್ಳಿ ಕಡೆಯ ಹೂವಯ್ಯನವರು, ಅವರ ಮಗ ನಿಮ್ಮ ಹಾಸ್ಟೆಲಿನಲ್ಲಿದ್ದಾನಲ್ಲ, ನನ್ನ ಬುಕಿಂಗ್ ಕಿಟಕಿಯಲ್ಲಿ ತಲೆಯಿಟ್ಟು, "ಸೂಟು ಹಾಕಿದವರ ಹತ್ರ ನಮ್ ಮಾತು ನಡೆಯಾದಿಲ್ಲ ಏಜೆಂಟ್ರೇ, ನಮ್ಮೆಲ್ಲರ ಪರ ನೀವೇ ಇಂಗ್ಲಿಷಲ್ಲಿ ಒಂದು ಬಿಡಿ" ಎಂದರು. ಹಾಲಮ್ಮನೂ ಬಂದಿದ್ದಳು. ಗಂಡ ಸತ್ತ ಮೇಲೆ ಸೊಪ್ಪು ಸೌದೆ ಹೊತ್ತು ಮಗನನ್ನು ಓದಿಸುತ್ತಿರುವವಳು. ಅವಳು ಕೈ ಮುಗಿದಳು. ನನಗೆ ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ.

ಸಭೆಯಲ್ಲಿ ನೀನು ಹಿಂದಿನ ಬಾಗಿಲ ಹತ್ತಿರ ಇದ್ದೆ. ನಾನು ಮುಂದೆ ನಿಂತಿದ್ದೆ. ಕುರ್ಚಿಯಲ್ಲಿ ಅಧಿಕಾರಿ, ಪ್ರಿನ್ಸಿಪಾಲರು, ಕಾಲೇಜು ಸಮಿತಿಯಲ್ಲಿರುವ ನಮ್ಮ ಮಾಲೀಕರು. ಹಿಂದೆ ನೆಲದ ಮೇಲೆ ಪೋಷಕರು. ಶುಲ್ಕ ಏರಿಸಬೇಡಿ ಎಂದು ಹೇಳಲೆಂದೇ ಬಾಯಿ ತೆರೆದೆ, ದೇವರಾಣೆ. ಚಂದ್ರಯ್ಯನ ವಾದವೆಲ್ಲ ತಲೆಯಲ್ಲಿತ್ತು. ಆದರೆ ಅದು ಹತ್ತು ತಿಂಗಳು ಕಿವಿಯಲ್ಲಿ ಕೇಳಿದ್ದು, ಬಾಯಲ್ಲಿ ಆಡಿದ್ದಲ್ಲ. ಬಾಯಿಗೆ ಗೊತ್ತಿದ್ದದ್ದು ಕಿಟಕಿ ಬೆಂಚಿನ ಇಂಗ್ಲಿಷ್ ಒಂದೇ. "ರೆಸ್ಪೆಕ್ಟೆಡ್ ಸರ್" ಎಂದದ್ದೇ ತಡ, ಸ್ಟಾರ್ಟ್ ಆದ ಬಸ್ಸಿನ ಹಾಗೆ ಅದು ತನ್ನ ದಾರಿ ಹಿಡಿಯಿತು. ವಿದ್ಯೆಯ ಬೆಲೆ ಬಂತು, ಬೀದಿಯಲ್ಲಿ ಕೂಗುವ ಹುಡುಗರು ಬಂದರು, ಶಿಸ್ತು ಬಂತು. ನಾನು ಒಳಗೆ ಕೂತ ಪ್ಯಾಸೆಂಜರ್, ಇಳಿಯಲು ನಿಲ್ದಾಣವಿಲ್ಲ. ನಾನು ಉಸಿರು ತೆಗೆದುಕೊಂಡಲ್ಲೆಲ್ಲ ಹಿಂದಿನಿಂದ ನಮ್ಮವರು ಚಪ್ಪಾಳೆ ತಟ್ಟಿದರು. ಅಧಿಕಾರಿ ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡಿ ಬರೆದುಕೊಂಡರು.

ಒಂದು 'ನಾಟ್' ಸೇರಿಸಿದರೆ ಸಾಕು, ಎಲ್ಲ ತಿರುಗುತ್ತದೆ ಎಂದು ನಡುವೆ ಹೊಳೆಯಿತು. ಹಲ್ಲು ಕಚ್ಚಿ 'ನಾಟ್' ಎಂದೆ. ಗಣೇಶಮೂರ್ತಿಯವರು ನನಗೆ ಕಲಿಸಿದ್ದ 'ನಾಟ್' ಒಂಟಿಯಲ್ಲ. ಅದರ ಹಿಂದೆ 'ಓನ್ಲಿ' ಬಂತು. 'ಓನ್ಲಿ' ಬಂದ ಮೇಲೆ 'ಬಟ್ ಆಲ್ಸೊ' ಬರದೆ ವಾಕ್ಯ ಮುಗಿಯುವುದಿಲ್ಲ. "ನಾಟ್ ಓನ್ಲಿ ದ ಕಾಲೇಜ್ ಫೀಸ್, ಸರ್, ಬಟ್ ಆಲ್ಸೊ" ಎಂದು ನಿಂತೆ. ಇನ್ನೇನಾದರೂ ಹೇಳಲೇಬೇಕಿತ್ತು. ಕಣ್ಣಿಗೆ ಹೂವಯ್ಯ ಬಿದ್ದರು, ಹಾಸ್ಟೆಲ್ ನೆನಪಾಯಿತು. "ದ ಹಾಸ್ಟೆಲ್ ಫೀಸ್ ಮಸ್ಟ್ ಬಿ ರೈಸ್ಡ್." ಯಾರ ತಲೆಯಲ್ಲೂ ಇರದಿದ್ದ ಹಾಸ್ಟೆಲ್ ಬಾಡಿಗೆಯನ್ನು ಪೋಷಕರ ಪರವಾಗಿ ನಾನೇ ಕೇಳಿಕೊಟ್ಟೆ. ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ ಅದಕ್ಕೇ. ಕೋಟಿನ ಗುಂಡಿ ಕಿತ್ತುಬಂದದ್ದು ಆಗ, ನನ್ನ ಮುಷ್ಟಿಯಲ್ಲಿತ್ತು. ತಿರುಗಿ ನೋಡಿದಾಗ ಬಾಗಿಲಲ್ಲಿ ನೀನಿರಲಿಲ್ಲ.

ಹೊರಗೆ ಬಂದರೆ ಹೂವಯ್ಯನವರು ನನಗೆ ಹಾರ ಹಾಕಿದರು. ನಿಂತ ನಿಲುವಿನಲ್ಲೇ ಪೋಷಕರ ಸಂಘವೊಂದು ಹುಟ್ಟಿತು, ನಾನು ಅದರ ಅಧ್ಯಕ್ಷನಾದೆ. ವಾರದಲ್ಲಿ ಎರಡೂ ಶುಲ್ಕ ಏರಿದ ನೋಟೀಸು ಬಂತು. ಈಗ ನನ್ನನ್ನು ಹಿಡಿದು ಹೊಡೆಯುತ್ತಾರೆ, ಅಲ್ಲಿಗೆ ಬಿಡುಗಡೆ ಎಂದುಕೊಂಡೆ. "ನೀವು ಅಷ್ಟು ಮಾತಾಡಿದ್ದಕ್ಕೆ ಇಷ್ಟರಲ್ಲೇ ನಿಂತಿದೆ, ಇಲ್ದಿದ್ರೆ ಎಷ್ಟು ಏರಿಸ್ತಿದ್ರೋ" ಎಂದು ಸಮಾಧಾನ ಮಾಡಿಹೋದರು.

ಹೋದ ಭಾನುವಾರ ಎಲ್ಲರನ್ನೂ ಕೂರಿಸಿ, ಕನ್ನಡದಲ್ಲಿ, ಬಿಡಿಸಿ ಹೇಳಿದೆ. ನಾನು ಏರಿಸಿ ಎಂದೇ ಹೇಳಿದ್ದು, ನನ್ನ ಬಾಯಿಗೆ ಬರುವುದು ಅದೊಂದೇ ಎಂದೆ. ಹೂವಯ್ಯನವರು ನಕ್ಕುಬಿಟ್ಟರು. "ನಮ್ಮನ್ನ ಪರೀಕ್ಷೆ ಮಾಡ್ತೀರಾ ಏಜೆಂಟ್ರೇ? ನಂಗೆ ಇಂಗ್ಲಿಷ್ ಬರಾದಿಲ್ಲ ನಿಜ. ಆದ್ರೆ ನಾಟ್ ಅಂದ್ರೆ ಇಲ್ಲ ಅಂತ, ಅಷ್ಟು ಗೊತ್ತು. ನೀವು ನಾಟ್ ಅಂದಿದ್ದು ಈ ಕಿವೀಲಿ ಕೇಳೀನಿ." "ದೊಡ್ಡವರು ಹಂಗೇಯ, ಮಾಡಿದ್ದು ಹೇಳ್ಕಳಾದಿಲ್ಲ" ಎಂದಳು ಹಾಲಮ್ಮ. ಅವಳ ಮಗ ಹಾಸ್ಟೆಲ್ ಬಿಟ್ಟು ಪೆಟ್ಟಿಗೆ ಹೊತ್ತು ಊರಿಗೆ ಬಂದು ನಾಲ್ಕು ದಿನವಾಗಿದೆ. ಪ್ರಿನ್ಸಿಪಾಲರ ಹತ್ತಿರ ಹೋಗಿ ಮಾತು ವಾಪಸ್ಸು ತೆಗೆದುಕೊಳ್ಳುತ್ತೇನೆ ಎಂದರೆ, ಸ್ಟ್ರೈಕಿನ ಹುಡುಗರು ನಿಮ್ಮನ್ನು ಹೆದರಿಸಿದ್ದಾರೆ ಎಂದು ಬರೆದುಕೊಳ್ಳಬೇಕಾಗುತ್ತದೆ, ಯೋಚಿಸಿ ನೋಡಿ ಎಂದು ನಗುನಗುತ್ತಲೇ ಕಳಿಸಿದರು. ಇಷ್ಟು ವರ್ಷ ಸುಳ್ಳನ್ನು ನಿಜ ಮಾಡಿ ಬಸ್ಸು ತುಂಬಿಸಿದವನು, ನಿಜವನ್ನು ಒಬ್ಬರಿಗೂ ನಂಬಿಸಲಾರದೆ ಕೂತಿದ್ದೇನೆ.

ಬರುವ ಸೋಮವಾರ, ಹದಿನಾಲ್ಕನೇ ತಾರೀಖು, ಅದೇ ಅಧಿಕಾರಿ ಕೊನೆಯ ಸಲ ಸಾಗರಕ್ಕೆ ಬರುತ್ತಾರೆ. ಅವತ್ತು ಯಾರೂ ತಕರಾರು ಹೇಳದಿದ್ದರೆ ಈ ವರ್ಷಕ್ಕೆ ನೋಟೀಸೇ ಖಾಯಂ. ಮಾತಾಡಲು ಸಂಘ ನನ್ನನ್ನೇ ಆರಿಸಿದೆ. ಎದ್ದು ನಿಂತರೆ ನನ್ನ ಬಾಯಿ ಮತ್ತೆ ಅದೇ ದಾರಿ ಹಿಡಿಯುತ್ತದೆ ಎಂದು ನನಗೆ ಗೊತ್ತು. ಹಾರಕ್ಕೂ ಹೇಳಿದ್ದಾರಂತೆ.

ಆದ್ದರಿಂದ ನೀನು ಬರಬೇಕು. ನನ್ನ ವಿರುದ್ಧ ಸಾಕ್ಷಿ ಹೇಳಲು ನಿನ್ನನ್ನು ಬಿಟ್ಟರೆ ನನಗೆ ಯಾರೂ ಇಲ್ಲ. ಅಣ್ಣಯ್ಯ ಅವತ್ತು ಏನೆಂದ ಎಂದು ಎಲ್ಲರ ಮುಂದೆ ಹೇಳು. ಹೇಳುವಾಗ ನನ್ನ ಮುಖ ನೋಡಬೇಡ, ಹಾಲಮ್ಮನ ಕಡೆ ನೋಡು. ಒಡಹುಟ್ಟಿದವಳು ಹೇಳಿದರೆ ಅವರು ನಂಬುತ್ತಾರೆ, ಚಪ್ಪಾಳೆ ನಿಲ್ಲುತ್ತದೆ. ಚಪ್ಪಾಳೆ ನಿಂತರೆ ಆ ಮನುಷ್ಯ ಪೆನ್ನು ನಿಲ್ಲಿಸುತ್ತಾನೆ. ಆಮೇಲೆ ಏನಾದರೂ ಆಗಬಹುದು, ಏನೂ ಆಗದೆಯೂ ಇರಬಹುದು. ಅಷ್ಟು ದೂರ ನನಗೆ ಕಾಣುವುದಿಲ್ಲ.

ಸೋಮವಾರ ಬೆಳಿಗ್ಗೆ ತೀರ್ಥಹಳ್ಳಿಯಿಂದ ಹೊರಡುವ ಮೊದಲನೇ ಬಸ್ಸಿನಲ್ಲಿ ನಿನಗೆ ಸೀಟು ಹಿಡಿದಿಟ್ಟಿದ್ದೇನೆ. ಕಿಟಕಿ ಪಕ್ಕದ್ದಲ್ಲ. ಶೇಷತ್ತೆ ಬಿಡದಿದ್ದರೆ ಅಮ್ಮನಿಗೆ ಮೈ ಹುಷಾರಿಲ್ಲ ಎನ್ನು. ಈ ಕಾಗದ ಅಂಚೆಗೆ ಹಾಕುತ್ತಿಲ್ಲ, ನಮ್ಮ ಗುರುಗಳು ರಿಟೈರಾದರೂ ಪೋಸ್ಟ್ ಆಫೀಸು ಬಿಟ್ಟಿಲ್ಲ, ಅವರ ಕಣ್ಣಿಗೆ ಬೀಳುತ್ತದೆ. ಮಾಸ್ತಪ್ಪ ಕೈಗೇ ತಂದುಕೊಡುತ್ತಾನೆ. ಬರುತ್ತೀಯೋ ಇಲ್ಲವೋ ಎಂದು ಅವನಿಗೆ ಹೇಳಬೇಡ. ಬಸ್ಸು ಬಂದಾಗ ನೋಡಿಕೊಳ್ಳುತ್ತೇನೆ.

ಇತಿ, ನಿನ್ನ ಕೈಲಿರುವ ಅಣ್ಣಯ್ಯ,
ಸೀತಾರಾಮಪ್ಪ

ತಾ.ಕ. ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ಹೆದರಬೇಡ. ಕನ್ನಡದಲ್ಲೇ ಹೇಳು, ಆ ಅಧಿಕಾರಿ ಮೈಸೂರಿನವರು. ಅವತ್ತು ನಾನು ಎದ್ದು ನಿಂತಾಗ ಮೆಲ್ಲಗೆ, "ಕನ್ನಡದಲ್ಲೇ ಹೇಳಿ, ಎಲ್ಲರಿಗೂ ತಿಳೀಲಿ" ಎಂದಿದ್ದರು. ಹಿಂದೆ ಕೂತವರಿಗೆ ಕೇಳಿಸಲಿಲ್ಲ. ಪಕ್ಕದಲ್ಲಿ ಮಾಲೀಕರಿದ್ದರು. ನಾನು "ನೋ ಸರ್, ಇಂಗ್ಲಿಷ್" ಎಂದೆ.

ಇನ್ನೊಂದು. ಶಿವಮೊಗ್ಗ ಆಫೀಸಿನ ಕೆಲಸ ನನಗೆ ಆಗಿದೆ, ಮುಂದಿನ ಒಂದನೇ ತಾರೀಖಿನಿಂದ. ಆ ಸಂಬಳದಲ್ಲಿ ನಿನ್ನ ಏರಿದ ಫೀಸನ್ನು ನಾನೊಬ್ಬನೇ ಕಟ್ಟಬಲ್ಲೆ, ಅಪ್ಪಯ್ಯನನ್ನು ಒಪ್ಪಿಸಲೂಬಲ್ಲೆ. ನೀನು ಸೋಮವಾರ ಬಾಯಿ ತೆರೆದರೆ ಮಾಲೀಕರು ಆ ಕೆಲಸ ಉಳಿಸುವುದಿಲ್ಲ. ಇದನ್ನು ಮೇಲೆ ಬರೆದಿದ್ದರೆ ಬರಬೇಡ ಎಂದ ಹಾಗಾಗುತ್ತಿತ್ತು, ಬರೆಯದೆ ಇದ್ದರೆ ಮೋಸವಾಗುತ್ತಿತ್ತು, ಅದಕ್ಕೆ ಇಲ್ಲಿ ಬರೆದೆ.

ಈವರೆಗೆ ಯಾರಿಗೆ ಏನು ಸಿಕ್ಕಿತು ಎಂದು ನೋಡಿದರೆ: ವಿಶ್ವವಿದ್ಯಾನಿಲಯಕ್ಕೆ ಕೇಳಿದ ಶುಲ್ಕ, ಕಾಲೇಜಿಗೆ ಕೇಳದೇ ಇದ್ದ ಹಾಸ್ಟೆಲ್ ಬಾಡಿಗೆ. ಗಣೇಶಮೂರ್ತಿಯವರಿಗೆ ಹೇಳಿಕೊಳ್ಳಲು ಒಬ್ಬ ಶಿಷ್ಯ. ಹೂವಯ್ಯನವರಿಗೆ ಒಬ್ಬ ಅಧ್ಯಕ್ಷ. ಹಾಲಮ್ಮನಿಗೆ ಸೌದೆ ಹೊರಲು ಮಗ. ನನಗೆ ಶಿವಮೊಗ್ಗ. ನಿನಗೆ ಹನ್ನೊಂದನೇ ನಂಬರಿನ ಸೀಟು.