ಗುರುವಾರದ ಮಗ

ಬರ್ಬ್ಯಾಂಕ್, ಕ್ಯಾಲಿಫೋರ್ನಿಯ
೪ ಮಾರ್ಚ್ ೧೯೬೨, ಭಾನುವಾರ

ಪ್ರೀತಿಯ ತೋರಾ ಅಕ್ಕನಿಗೆ,

ಎರಡು ಕಾಗದ ಬರೆದರೂ ಉತ್ತರ ಬರೆಯದ ಈ ತಮ್ಮನ ಕಿವಿ ಹಿಂಡಬೇಕು ಅಂತ ನಿನಗೆ ಅನ್ನಿಸಿರುತ್ತದೆ. ಹಿಂಡುವೆಯಂತೆ, ಮೊದಲು ಓದು. ನೀನು ಹೆಣೆದ ಉಣ್ಣೆ ಕಾಲುಚೀಲಗಳು ಬಂದವು. ಇಲ್ಲಿ ಈಗಲೇ ಬೆವರು ಸುರಿಯುತ್ತಿದೆ. ನಿಮ್ಮ ಡಕೋಟದ ಹಿಮಕ್ಕೆ ಹೆಣೆದದ್ದನ್ನು ಇಲ್ಲಿ ಹಾಕಿಕೊಂಡು ಬೀದಿಗೆ ಇಳಿದರೆ ಜನ ಡಾಕ್ಟರನ್ನು ಕರೆಸುತ್ತಾರೆ. ಆದರೂ ಶೂಟಿಂಗಿನ ಕೊನೆಯ ವಾರವೆಲ್ಲ ಬೂಟಿನೊಳಗೆ ಅವನ್ನೇ ಹಾಕಿಕೊಂಡಿದ್ದೆ. ಸ್ಟುಡಿಯೊದವರು ಕೊಟ್ಟ ಬೂಟು ನನ್ನ ಕಾಲಿಗೆ ದೊಡ್ಡದು, ಏಳು ವರ್ಷ ಗೋಗರೆದರೂ ಬದಲಾಯಿಸಿಕೊಡಲಿಲ್ಲ. ಇನ್ನು ಬದಲಾಯಿಸುವ ಅಗತ್ಯವೂ ಇಲ್ಲ. ಫೋನಿನಲ್ಲಿ ಹೇಳಿದ್ದೆನಲ್ಲ, ನಮ್ಮ ಧಾರಾವಾಹಿ ನಿಜವಾಗಿಯೂ ಮುಗಿಯಿತು.

ನನ್ನ ಹೊಟ್ಟೆಬಟ್ಟೆಯ ಚಿಂತೆ ಮಾಡಬೇಡ. ಇಪ್ಪತ್ತನಾಲ್ಕು ವರ್ಷ ಈ ಊರಿನಲ್ಲಿ ಬಣ್ಣ ಹಚ್ಚಿ ಬದುಕಿದವನಿಗೆ ಇನ್ನೊಂದು ವೇಷ ಸಿಗದೆ ಹೋಗುವುದಿಲ್ಲ. ಎಂತೆಂಥ ವೇಷ ಅಕ್ಕ! ಸಿನಿಮಾದಲ್ಲಿ ನಾಯಕನ ಕುದುರೆ ಹಿಡಿದು ನಿಂತೆ, ನಾಯಕಿಗೆ ಬಾಗಿಲು ತೆಗೆದೆ, ಯುದ್ಧದ ಚಿತ್ರಗಳಲ್ಲಿ ಎಲ್ಲರಿಗಿಂತ ಮೊದಲು ಗುಂಡು ತಿಂದು ಬಿದ್ದೆ. ಒಂದು ಚಿತ್ರದಲ್ಲಂತೂ ಎರಡು ಸಲ ಸತ್ತೆ, ಎರಡನೇ ಸಲ ಗಡ್ಡ ಅಂಟಿಸಿದ್ದರು. ಒಂದೇ ಒಂದು ಪೋಸ್ಟರಿನಲ್ಲೂ ನನ್ನ ಮುಖ ಬರಲಿಲ್ಲ. ಆಮೇಲೆ ಟೆಲಿವಿಷನ್ ಬಂತು. ದೊಡ್ಡ ನಟರೆಲ್ಲ ಅದನ್ನು ಕಂಡು ಮೂಗು ಮುರಿಯುತ್ತಿದ್ದ ಕಾಲದಲ್ಲಿ ನನ್ನನ್ನು ಕರೆದು ಈ ಕೌಬಾಯ್ ಧಾರಾವಾಹಿಯಲ್ಲಿ ಷೆರೀಫನ ಬಲಗೈ ಬಂಟ, ಡೆಪ್ಯುಟಿ ಕ್ಲೆಮ್ ಮಾಡಿದರು. ಈಗ ಅಂಗಡಿಗೆ ಹೋದರೆ ಮಕ್ಕಳು ಕಳ್ಳರ ಹಾಗೆ ಎರಡೂ ಕೈ ಮೇಲೆತ್ತಿ ನಿಲ್ಲುತ್ತವೆ. ಸಂತೋಷವಾಗುತ್ತದೆ, ಇಲ್ಲ ಅಂತ ಯಾಕೆ ಹೇಳಲಿ.

ಆ ಕ್ಲೆಮ್‌ನನ್ನು ಕೊನೆಯ ಕಂತಿನಲ್ಲಿ ಕೊಲ್ಲಬೇಕು ಅಂತ ಬರೆದಿದ್ದರು. ನಡುಬೀದಿಯಲ್ಲಿ, ಬೆನ್ನಿಗೆ ಗುಂಡು. ಓದುತ್ತಿದ್ದ ಹಾಗೆ ಅಮ್ಮ ಕಣ್ಣ ಮುಂದೆ ಬಂದಳು. ಗುರುವಾರ ಬಂತೆಂದರೆ ಚರ್ಚಿಗೆ ಹೋಗುವ ಗೌನು ತೊಟ್ಟು, ತಲೆ ಬಾಚಿಕೊಂಡು, ಎಂಟು ಗಂಟೆಗೆ ಟೀವಿಯ ಮುಂದೆ ಕೂರುತ್ತಾಳೆ ಅಂತ ನೀನೇ ಬರೆದಿದ್ದೆ. 'ಆರ್ವಿಡ್, ಹಿಂದೆ ನೋಡೋ! ಆ ಕೇಡಿ ಬಾಗಿಲ ಸಂದೀಲಿದ್ದಾನೆ!' ಅಂತ ಕೂಗುತ್ತಾಳೆ. ನಾನು ತಿರುಗಿದರೆ, 'ನೋಡಿದ್ಯಾ, ಅಮ್ಮನ ಮಾತು ಕೇಳ್ತಾನೆ' ಅಂತ ನಿನ್ನನ್ನು ಜಂಬದಿಂದ ನೋಡುತ್ತಾಳೆ. ಯಾವುದು ಆಟ, ಯಾವುದು ನಿಜ ಅನ್ನುವುದು ಅವಳ ತಲೆಯಲ್ಲಿ ಕಲಸಿಹೋಗಿದೆ. ಅಂಥವಳ ಕಣ್ಣೆದುರಿಗೆ ನಾನು ರಕ್ತ ಕಾರಿ ಬಿದ್ದರೆ ಅವಳು ಉಳಿಯುತ್ತಾಳಾ ಅಕ್ಕ? ಟೀವಿ ಕೆಟ್ಟಿದೆ ಅಂತ ನೀನು ನೆಪ ಹೇಳಬಹುದು. ಹೇಳಿದರೂ ಅವಳು ಆ ಕಪ್ಪು ಗಾಜಿನ ಮುಂದೆ ಕೂತೇ ಇರುತ್ತಾಳೆ.

ಫೋನಿನಲ್ಲಿ ಇದನ್ನು ಹೇಳಿದಾಗ ನೀನು ರೇಗಿದೆ. 'ಅದಕ್ಯಾಕೋ ಇಷ್ಟು ಒದ್ದಾಡ್ತೀಯ? ಮಾರನೇ ದಿನ ಬಂದು ಅವಳ ಎದುರಿಗೆ ನಿಂತ್ಕೊ. ಸತ್ತಿಲ್ಲ ಅಂತ ತಾನೇ ಗೊತ್ತಾಗುತ್ತೆ' ಅಂದೆ. ನಾನು ಮಾತು ಬದಲಿಸಿ ನಿನ್ನ ಮಂಡಿನೋವು ವಿಚಾರಿಸಿದೆ.

ಸರಿ, ನಿರ್ಮಾಪಕ ಹೋಬನ್ ಹತ್ತಿರ ಹೋದೆ. 'ಸಾರ್, ಕ್ಲೆಮ್‌ನ ಸಾಯಿಸಬೇಡಿ. ಕುದುರೆ ಹತ್ತಿಸಿ ಎಲ್ಲಿಗಾದ್ರೂ ಕಳಿಸಿಬಿಡಿ.'

'ಏನಯ್ಯಾ ಇದು, ಜೀವಮಾನವೆಲ್ಲ ಸಾಯೋದೇ ಕಸುಬು ಮಾಡ್ಕೊಂಡೋನು, ಈಗ ಸಾಯಕ್ಕೆ ನಾಚಿಕೇನಾ?' ಅಂತ ನಕ್ಕ. ಆಮೇಲೆ ಬಾಯಿಂದ ಚುಟ್ಟ ತೆಗೆದು ಮೆತ್ತಗೆ ಹೇಳಿದ: 'ದೇಶಕ್ಕೆ ದೇಶವೇ ಅಳುತ್ತೆ ಕಣಯ್ಯಾ. ಕ್ಯಾಮೆರಾ ನಿನ್ನೊಬ್ಬನ ಮುಖದ ಮೇಲೇ ಇರುತ್ತೆ. ಇದನ್ನ ಬಿಟ್ಟುಕೊಟ್ರೆ ನಾಳೆ ಯಾರಿಗಯ್ಯಾ ನೀನು ನೆನಪಿರ್ತೀಯ?'

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನನ್ನ ಮುಖ ಒಂದನ್ನೇ ತೋರಿಸುವ ದೃಶ್ಯಕ್ಕಾಗಿ ನಾನು ಈ ಊರಿಗೆ ಕಾಲಿಟ್ಟ ದಿನದಿಂದ ಕಾದಿದ್ದೆ. ಅದು ತಟ್ಟೆಗೆ ಬಂದಾಗ ನಾನೇ ತಟ್ಟೆ ಸರಿಸಬೇಕಾಯಿತು. ಆಸೆಯಿತ್ತು, ಬಚ್ಚಿಡುವುದಿಲ್ಲ. ಆದರೂ ಸರಿಸುವುದೇ ಸರಿ ಅಂತ ನಿರ್ಧರಿಸಿದೆ. ಹೋಬನ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಕೊನೆಗೆ ನನ್ನ ಕೈ ಹಿಡಿದದ್ದು ಗಂಜಿ. ನಗಬೇಡ! ನಮ್ಮ ಧಾರಾವಾಹಿಗೆ ಅನ್ನದಾತರು ಓಟ್ಸ್ ಕಂಪನಿಯವರು, ಅವರ ಮುಂದೆ ಹೋಬನ್‌ನದು ಏನೂ ನಡೆಯುವುದಿಲ್ಲ. ಪ್ರತಿ ಕಂತು ಮುಗಿದ ಮೇಲೆ ನಾನು ಕ್ಲೆಮ್ ವೇಷದಲ್ಲೇ ಕೂತು ಒಂದು ಬಟ್ಟಲು ಓಟ್ಸ್ ತಿಂದು ನಗುತ್ತೇನಲ್ಲ? ಆಗ ಅಮ್ಮ 'ಪಾಪ, ಈಗ ಊಟಕ್ಕೆ ಕೂತ' ಅನ್ನುತ್ತಾಳಂತಲ್ಲ? ಆ ಕಂಪನಿಯ ಪೆಟಿಬೋನ್ ಅನ್ನುವವನು ಸ್ಟುಡಿಯೊಗೆ ಬಂದಿದ್ದ. ಬಹಳ ಅಚ್ಚುಕಟ್ಟಿನ ಮನುಷ್ಯ. ಅವನು ಬಟ್ಟಲು ಪರೀಕ್ಷಿಸುತ್ತಿದ್ದಾಗ ನಾನು ಏನೂ ಅರಿಯದವನ ಹಾಗೆ ಪಕ್ಕದಲ್ಲಿ ನಿಂತೆ.

'ಸಾರ್, ಒಂದು ಸಂದೇಹ. ಕಥೆ ಮುಗಿಯೋ ಹೊತ್ತಿಗೆ ನನ್ನನ್ನ ಹೂತಿರ್ತಾರೆ. ಆಮೇಲೆ ನಿಮ್ಮ ಓಟ್ಸ್ ತಿನ್ನೋರ್ಯಾರು?'

ಅವನ ಚಮಚ ಬಾಯಿಯ ಹತ್ತಿರವೇ ನಿಂತಿತು. 'ನೀವೇ ತಿನ್ನೋದಲ್ವಾ?'

'ನಾನೇ ತಿನ್ನಬಹುದು ಸಾರ್. ಆದ್ರೆ ಹೆಣ ಎದ್ದು ಬಂದು ಗಂಜಿ ಕುಡಿದ್ರೆ, ಮಕ್ಕಳು ನಾಳೆಯಿಂದ ಬಟ್ಟಲು ಮುಟ್ಟುತ್ವಾ?'

ಮಧ್ಯಾಹ್ನದ ಊಟದೊಳಗೆ ಕ್ಲೆಮ್‌ಗೆ ಜೀವದಾನವಾಯಿತು. 'ಗಂಜಿಗೋಸ್ಕರ ನನ್ನ ಕಥೆ ಹಾಳ್ಮಾಡಿದ್ರಲ್ರೋ!' ಅಂತ ಹೋಬನ್ ಸೆಟ್ಟಿನಲ್ಲೆಲ್ಲ ಕೂಗಾಡಿದ. ನನ್ನ ಜತೆ ಮಾತು ಬಿಟ್ಟ.

ಮೊನ್ನೆ ಶುಕ್ರವಾರ ಆ ಕೊನೆಯ ದೃಶ್ಯ ತೆಗೆದರು. ಕ್ಲೆಮ್ ಕುದುರೆ ಹತ್ತಿ ಊರು ಬಿಟ್ಟು ಹೋಗುತ್ತಾನೆ, ಅಷ್ಟೆ. ಮಾತಿಲ್ಲ, ಬೆನ್ನು ಮಾತ್ರ ಕಾಣಬೇಕು, ತಿರುಗಲೇಬಾರದು ಅಂತ ಅಪ್ಪಣೆಯಾಗಿತ್ತು. ಅರ್ಧ ದಾರಿ ಹೋದವನು ಕುದುರೆ ನಿಲ್ಲಿಸಿ ತಿರುಗಿಬಿಟ್ಟೆ. ಕ್ಯಾಮೆರಾದ ಕಣ್ಣನ್ನೇ ನೋಡುತ್ತ, 'ಹೋಗಿ ಬರ್ತೀನಿ' ಅಂದೆ. ನಮ್ಮ ಕಸುಬಿನಲ್ಲಿ ಹಾಗೆ ನೇರ ನೋಡುವುದು ಮಹಾಪರಾಧ. ಹೋಬನ್ ಹಿಡಿದು ಬೈಯುತ್ತಾನೆ ಅಂದುಕೊಂಡೆ. ಅವನು ಕ್ಯಾಮೆರಾದವರ ಕಡೆ ತಿರುಗಿ, 'ಇರಲಿ ಬಿಡ್ರೋ, ಅದನ್ನೇ ಇಟ್ಕೊಳ್ಳಿ' ಅಂದ. ಒರಟನಾದರೂ ಒಳ್ಳೆಯವನು.

ಈ ತಿಂಗಳ ಕೊನೆಯ ಗುರುವಾರ ಅದು ಬರುತ್ತದೆ. ನನಗೊಂದು ಉಪಕಾರ ಮಾಡು. ಆ ದೃಶ್ಯ ಬಂದಾಗ ನೀನು ಟೀವಿ ನೋಡಬೇಡ, ಅಮ್ಮನ ಮುಖ ನೋಡು. ಕಂಡದ್ದನ್ನು ಕಂಡ ಹಾಗೆ ನನಗೆ ಬರೆ. ಮುಂದಿನ ಗುರುವಾರಗಳಲ್ಲಿ ಅವಳು ಕೇಳಿದರೆ, ಆರ್ವಿಡ್ ಕೆಲಸದ ಮೇಲೆ ದೂರ ಹೋಗಿದ್ದಾನೆ, ಆರೋಗ್ಯವಾಗಿದ್ದಾನೆ ಅನ್ನು.

ನಿನ್ನ ಮಂಡಿನೋವು ಕಡಿಮೆಯಾಗಲಿ, ಹಟ್ಟಿ ತುಂಬ ಹಾಲಿರಲಿ, ನಿಮ್ಮಿಬ್ಬರ ಒಲೆ ಯಾವತ್ತೂ ಬೆಚ್ಚಗಿರಲಿ. ಅಮ್ಮ ನಿದ್ದೆ ಹೋದ ಮೇಲೆ ಅವಳ ಹಣೆಗೆ ನನ್ನದೊಂದು ಮುತ್ತು ಕೊಡು.

ನಿನ್ನ ತಮ್ಮ,
ಆರ್ವಿಡ್

ತಾ.ಕ.: ಲಕೋಟೆ ಅಂಟಿಸಲು ಹೋಗಿ ಮತ್ತೆ ಬಿಚ್ಚಿದೆ. ಎದುರಿಗೆ ಬಂದು ನಿಂತ್ಕೊ ಅಂದೆಯಲ್ಲ, ಅದಕ್ಕೆ ಉತ್ತರ ಹೇಳಬೇಕು. ಕ್ರಿಸ್‌ಮಸ್ಸಿನ ಹಿಂದಿನ ಸಂಜೆ, ಅಮ್ಮ ಮಲಗಿದ ಮೇಲೆ ಬಂದವನು, ಬೆಳಿಗ್ಗೆಯೇ ಓಡಿಹೋದೆ ಅಂತ ನಿನಗೆ ಇನ್ನೂ ಸಿಟ್ಟಿದೆ. ಶೂಟಿಂಗ್ ಇದೆ ಅಂದದ್ದು ಸುಳ್ಳು. ನೀನು ಹಾಲು ಕರೆಯಲು ಹೋಗಿದ್ದಾಗ ಅಮ್ಮ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ಹೆರೆಯುತ್ತಿದ್ದಳು. ನಾನೂ ಒಂದು ಚಾಕು ಹಿಡಿದು ಪಕ್ಕದಲ್ಲಿ ಕೂತೆ. ಕ್ಲೆಮ್‌ನ ಟೋಪನ್ ಕೂದಲಿಲ್ಲ, ಅಂಟು ಮೀಸೆ ಇಲ್ಲ. ನನ್ನ ಬೋಳು ತಲೆ, ನನ್ನ ಕನ್ನಡಕ. ಬಹಳ ಹೊತ್ತು ನನ್ನನ್ನು ನೋಡಿ, 'ಯಾವೂರಪ್ಪಾ ನಿಂದು?' ಅಂತ ಕೇಳಿದಳು. 'ಅಮ್ಮಾ, ನಾನು ಆರ್ವಿಡ್' ಅಂದೆ. ನಕ್ಕುಬಿಟ್ಟಳು. 'ನನ್ನ ಆರ್ವಿಡ್ ಬರೋದು ಗುರುವಾರ. ಅವನಿಗೆ ತಲೆ ತುಂಬ ಕೂದಲು' ಅಂದಳು. ಆಮೇಲೆ ನನ್ನ ಕೈಯಿಂದ ಚಾಕು ತೆಗೆದಿಟ್ಟು, ನನ್ನ ಕೆನ್ನೆ ಸವರಿದಳು. 'ಹಬ್ಬದ ದಿನ ಯಾರದೋ ಮನೇಲಿ ಕೂತಿದ್ದೀಯಲ್ಲಪ್ಪಾ. ಏಳು, ಮನೆಗೆ ಹೋಗು. ನಿಮ್ಮಮ್ಮ ದಾರಿ ಕಾಯ್ತಿರ್ತಾಳೆ.'

ನಾನು ಎದ್ದು ಬಂದುಬಿಟ್ಟೆ ಅಕ್ಕ.