ತಿರುವಿ ಹೊಲಿದ ಚೀಲ

ಗುಬ್ಬಿ,
ಮೇ 14, 2025

ಪ್ರೀತಿಯ ರೂಪಾ,

ಕೆಮ್ಮು ಹೇಗಿದೆ? ಏಸಿಯನ್ನು ತಲೆಯ ಮೇಲೇ ಬಿಟ್ಟುಕೊಂಡು ಮಲಗಬೇಡ ಅಂದರೆ ಕೇಳುವವಳಲ್ಲ ನೀನು. ನಿಮ್ಮಮ್ಮ ಚೆನ್ನಾಗಿದ್ದಾಳೆ. ನನಗೆ ಮಾತ್ರ ನಿನ್ನ ಫೋನ್ ಬಂದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಹುಣಸೆ ಶೆಡ್ಡಿಗೆ ಹೋಗುತ್ತೇನೆ, ಹಣ್ಣು ಬಿಡಿಸುವ ಹೆಂಗಸರ ಮೇಲೆ ರೇಗುತ್ತೇನೆ, ಮನೆಗೆ ಬರುತ್ತೇನೆ, ಮತ್ತೆ ಹೋಗುತ್ತೇನೆ. ಮಾತಾಡಿದರೆ ಸಿಟ್ಟು ಬರುತ್ತದೆಂದು ಬರೆಯುತ್ತಿದ್ದೇನೆ. ನಿಮ್ಮಮ್ಮ ಫೋಟೋ ತೆಗೆದು ಕಳಿಸುತ್ತಾಳೆ. ನಾಲ್ಕನೇ ಕ್ಲಾಸಿಗೆ ಬಿಟ್ಟವಳ ಅಕ್ಷರ, ನಗಬೇಡ.

ಶಾರ್ಜಾದ ನಿಮ್ಮ ಕಂಪನಿಯಲ್ಲಿ ನನ್ನ ಪರವಾಗಿ ಮಾತಾಡಿ ಆರ್ಡರ್ ಕೊಡಿಸಿದವಳು ನೀನು. ಎರಡು ದೇಶದವರು ಒಪ್ಪಂದ ಮಾಡಿಕೊಂಡಿದ್ದಾರೆ, ಇಲ್ಲೇ ಬೆಳೆದ ಮಾಲಾದರೆ ಸುಂಕದಲ್ಲಿ ರಿಯಾಯಿತಿ ಎಂದು ಬಿಡಿಸಿ ಹೇಳಿದವಳೂ ನೀನೇ. ಹೊಸ ಚೀಲದಲ್ಲೇ ತುಂಬಿಸು ಅಂದಿದ್ದೆ, ಅದೂ ನಿಜ. ಆದರೆ ಹೊಸ ಗೋಣಿಗೆ ಎಣ್ಣೆ ವಾಸನೆ ಕಣೇ. ಹಣ್ಣು ಅದನ್ನು ಹೀರಿಕೊಂಡರೆ ಸಾರು ಮಾಡಿದವರು ಉಗಿಯುತ್ತಾರೆ. ನಮ್ಮತ್ತೆ ಕಾಲದಿಂದಲೂ ಹಳೇ ಗೋಣಿ ಒಗೆದು, ಒಣಗಿಸಿ, ಒಳಮೈ ಹೊರಗೆ ಮಾಡಿ ಹೊಲಿದೇ ತುಂಬುತ್ತೇವೆ. ಈ ಸಲವೂ ಮಂಡಿಪೇಟೆಯಲ್ಲಿ ಹಳೇ ಚೀಲ ಮಾರುವ ನೂರ್ ಅಹಮದ್ ಹತ್ತಿರ ತಂದೆ. ಗೋಡಂಬಿ ಬಂದಿದ್ದ ಗಟ್ಟಿ ಚೀಲ. ಹಸಿರು ಬಣ್ಣದಲ್ಲಿ ಏನೋ ಇಂಗ್ಲಿಷ್ ಇತ್ತು. ತಿರುವಿದ ಮೇಲೆ ಯಾರು ನೋಡುತ್ತಾರೆ ಅಂದುಕೊಂಡೆ. ನಿಮ್ಮ ಬಂದರಿನವರು ಚೀಲ ಕುಯ್ದು ನೋಡುತ್ತಾರೆಂದು ನನಗೇನು ಗೊತ್ತು? ಒಳಗೆ ತಾಂಜಾನಿಯಾ ಅಂತ ಇತ್ತಂತೆ, ಆ ಗೋಡಂಬಿ ಅಲ್ಲಿಂದ ಬಂದದ್ದಂತೆ. ಆ ದೇಶದ ಹುಣಸೆಯನ್ನು ನಮ್ಮದೆಂದು ಹೇಳಿ ಸುಂಕ ತಪ್ಪಿಸುತ್ತಿದ್ದೇವೆಂದು ಕಂಟೇನರ್ ನಿಲ್ಲಿಸಿದರು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡವೆಂದು ನಿನ್ನನ್ನು ಮನೆಗೆ ಕಳಿಸಿದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ನೀನು ಫೋನಿನಲ್ಲಿ ಕೇಳಿದೆಯಲ್ಲ, “ದೊಡ್ಡಮ್ಮ, ನಿಜ ಹೇಳ್ಬಿಡು, ಬೇರೆ ಕಡೆ ಹಣ್ಣು ಬೆರೆಸಿದ್ಯಾ?” ಅಂತ. ಈ ಹಣ್ಣು ಬರುವ ಹಾಗಲವಾಡಿಯ ಹುಣಸೆ ಮರಗಳನ್ನು ಹತ್ತಿದವಳು ನೀನು. ನಾನು ಬೀಜ ಬಿಡಿಸುತ್ತಿದ್ದರೆ ಪಕ್ಕದಲ್ಲಿ ಕೂತು ಅರ್ಧ ಹಣ್ಣು ಬಾಯಿಗೆ ಹಾಕಿಕೊಂಡು ಹೊಟ್ಟೆನೋವು ಅಂತ ಅತ್ತವಳು. ಬಂದರಿನವನು ಕೇಳಲಿ, ಅವನ ಕೆಲಸ ಅದು. ನೀನು ಕೇಳಬಹುದಾ? ಅದಕ್ಕೇ “ಹೂಂ, ಬೆರೆಸಿದೀನಿ, ಹೋಗೇ” ಅಂದು ಫೋನ್ ಇಟ್ಟೆ. ಸಿಟ್ಟಿಗೆ ಅಂದ ಮಾತು ಅದು. ನೀನು ನಿಜವೆಂದು ನಂಬಿ ಆಫೀಸಿನಲ್ಲಿ ಹೇಳಿಬಿಟ್ಟೆಯೇನೋ ಎಂದು ಆಗಿನಿಂದ ಅದೇ ಯೋಚನೆ. ಅನ್ನ ಇಳಿಯುತ್ತಿಲ್ಲ. ಒಂದು ಹಣ್ಣೂ ಬೆರೆಸಿಲ್ಲ ರೂಪಾ.

ನಿನ್ನ ಗಂಡ ಮಲ್ಲಿಕಾರ್ಜುನನ ಮೇಲೆ ಇದೇ ಕೋಪ ತೀರಿಸಿಕೊಳ್ಳಬೇಡ, ಪಾಪ, ಅವನು ಸಾಧು. ಹೊತ್ತಿಗೆ ಸರಿಯಾಗಿ ಉಣ್ಣು. ಚನ್ನಬಸವೇಶ್ವರ ನಿನ್ನ ಬೆನ್ನಿಗಿರಲಿ.

ನಿನ್ನ ದೊಡ್ಡಮ್ಮ,
ಸಿದ್ದಲಕ್ಷ್ಮಮ್ಮ

ಬರೆದು ಮುಗಿಸಿದ ಮೇಲೆ: ಮಾಲನ್ನು ಹಡಗಿಗೆ ಹಾಕಿಸಿದ ಅಂಜನ್‌ಕುಮಾರನ ಹಿರೇಹಳ್ಳಿ ಆಫೀಸಿಗೆ ಈಗ ಹೋಗಿಬಂದೆ. ಹಳೇ ಚೀಲ ತುಂಬಿಸಿದ್ದು ನಾನೇ, ರೂಪಶ್ರೀಗೆ ಗೊತ್ತಿರಲಿಲ್ಲ ಎಂದು ಬರೆದು ಸಹಿ ಹಾಕಿದೆ. ಅದನ್ನು ಅವನು ನಿನ್ನ ಕಂಪನಿಗೆ ಕಳಿಸಿದ. ಇನ್ನು ನನ್ನ ಶೆಡ್ಡಿನ ಮಾಲನ್ನು ಹೊರದೇಶಕ್ಕೆ ಕಳಿಸುವುದಿಲ್ಲವಂತೆ. ಬುಡು, ತುಮಕೂರಿನವರೂ ಸಾರು ಉಣ್ಣುತ್ತಾರೆ. ನೀನು ಫೋನ್ ಮಾಡು. ಆ ಪ್ರಶ್ನೆ ಇನ್ನೊಂದು ಸಲ ಕೇಳು. ಈ ಸಲ ಸರಿಯಾಗಿ ಉತ್ತರ ಹೇಳುತ್ತೇನೆ.